ಸೂಜಿಮೊನೆಯ ಊರು

ಬೆಳಗಿನ ಜಾವ ಐದೂವರೆ. ಕಾಲಡಿಯ ಮಣ್ಣು ಜಾರುತ್ತಿದೆ. ಬೆಳಕಿದ್ದಿದ್ದರೆ ಅದು ಕೆಂಪು ಮಣ್ಣೆಂದು ಗೊತ್ತಾಗುತ್ತಿತ್ತು. ರೆಡಿಚ್ ಎಂಬ ಹೆಸರು ಬಂದದ್ದೇ ಇಲ್ಲಿನ ಕೆಂಪು ಹಳ್ಳದಿಂದ ಎನ್ನುತ್ತಾರೆ. 1866ರ ನವೆಂಬರ್. ಇಂಗ್ಲೆಂಡಿನ ವೂಸ್ಟರ್‌ಶೈರ್ ಸೀಮೆ. ಬೇಲಿಯಾಚೆ ಹಸುವೊಂದು ಮೂಗಿನಿಂದ ಹಬೆ ಬಿಡುತ್ತ ನಿಂತಿದೆ. ಒದ್ದೆ ಹುಲ್ಲಿನ ವಾಸನೆ, ಸಗಣಿಯ ವಾಸನೆ. ಎಲ್ಲೋ ಹಳ್ಳಿಗೆ ಬಂದುಬಿಟ್ಟೆವಾ ಎಂದು ನೀವು ಅನುಮಾನಿಸುವ ಹೊತ್ತಿಗೆ ಗಾಳಿ ದಿಕ್ಕು ಬದಲಿಸುತ್ತದೆ. ಈಗ ಮೂಗಿಗೆ ಬಡಿಯುವುದು ಸುಟ್ಟ ಎಣ್ಣೆ, ಮೆತ್ತನೆಯ ಸಾಬೂನು, ಕಾದ ಕಬ್ಬಿಣ.

ಉತ್ತರಕ್ಕೆ ತಿರುಗಿ ನೋಡಿ. ಮೋಡದ ಅಂಚಿನಲ್ಲಿ ಮಂಕು ಕೆಂಪು ಕಾಣುತ್ತಿದೆಯಲ್ಲ, ಅದು ಸುಮಾರು 15 ಮೈಲಿ ಆಚೆಯ ಬರ್ಮಿಂಗ್‌ಹ್ಯಾಮ್. ವಿಕ್ಟೋರಿಯಾ ರಾಣಿಯ ಕಾಲದ ಕಾರ್ಖಾನೆಗಳೆಂದರೆ ನಮ್ಮ ಕಣ್ಣಿಗೆ ಕಟ್ಟುವುದು ಅಂಥ ಊರುಗಳೇ: ಹೊಗೆಕೊಳವೆಗಳ ಕಾಡು, ಮಸಿ ಬಳಿದ ಆಕಾಶ, ಮ್ಯಾಂಚೆಸ್ಟರಿನ ಹತ್ತಿಗಿರಣಿ. ಇಲ್ಲಿ ಹಾಗಿಲ್ಲ. ಗುಡ್ಡದ ಮೇಲೊಂದು ಚರ್ಚು, ಇಳಿಜಾರಿನಲ್ಲಿ ಇಟ್ಟಿಗೆ ಮನೆಗಳ ಸಾಲು, ಮನೆಗಳ ಹಿತ್ತಿಲಲ್ಲಿ ಹಂದಿಗೂಡಿನ ಪಕ್ಕಕ್ಕೇ ಒಂದು ಕಾರ್ಖಾನೆ. ಯಾವುದು ಮನೆ, ಯಾವುದು ಕಾರ್ಖಾನೆ ಎಂದು ಕಿಟಕಿಗಳನ್ನು ನೋಡಿ ಹೇಳಬೇಕು. ಉದ್ದುದ್ದ ಕಿಟಕಿಗಳಿದ್ದರೆ ಒಳಗೆ ಸೂಜಿ ಮಾಡುತ್ತಾರೆ.

ಹೌದು, ಸೂಜಿ. ಪಾಂಡವರಿಗೆ ಕೊಡಲೊಪ್ಪದ ಭೂಮಿಯ ಅಳತೆ ಹೇಳಲು ದುರ್ಯೋಧನ ಸೂಜಿಮೊನೆಯನ್ನು ಹಿಡಿದ; ಅದಕ್ಕಿಂತ ಚಿಕ್ಕದು ಅವನಿಗೂ ಹೊಳೆಯಲಿಲ್ಲ. ಅಂಥ ಮೊನೆಯ ಮೇಲೆ ಇಲ್ಲೊಂದು ಊರು ನಿಂತಿದೆ. ಊರಷ್ಟೇ ಅಲ್ಲ, ಸ್ಟಡ್ಲಿ, ಆಸ್ಟ್‌ವುಡ್ ಬ್ಯಾಂಕ್, ಕ್ರ್ಯಾಬ್ಸ್ ಕ್ರಾಸ್, ಫೆಕನ್‌ಹ್ಯಾಮ್ ಎಂದು ಸುತ್ತಲಿನ ಹಳ್ಳಿಗಳೂ ನಿಂತಿವೆ. ಉಚ್ಛ್ರಾಯದ ದಿನಗಳಲ್ಲಿ ಪ್ರಪಂಚದ ಸೂಜಿಗಳಲ್ಲಿ ನೂರಕ್ಕೆ 90 ಈ ಸೀಮೆಯಲ್ಲೇ ಆಗುತ್ತಿದ್ದವು ಎಂದು ಅಲ್ಲಿನ ಸೂಜಿ ಮ್ಯೂಸಿಯಮ್ಮಿನವರು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾರೆ.

ಗಂಟೆ ಬಾರಿಸಿತು. ಮರದ ಅಟ್ಟೆಯ ಬೂಟುಗಳು ಕಲ್ಲುಹಾಸಿನ ಮೇಲೆ ಟಕಟಕಿಸುತ್ತ ನಿಮ್ಮನ್ನು ದಾಟಿ ಹೋಗುತ್ತವೆ. ಅವರ ಹಿಂದೆಯೇ ಒಳಗೆ ಬನ್ನಿ. ತಲೆ ಬಗ್ಗಿಸಿ, ಬಾಗಿಲು ಗಿಡ್ಡ.

ಮೊದಲ ಕೋಣೆಯಲ್ಲಿ ತಂತಿ. ಹೊರಗಿನಿಂದ ಬಂದ ಉಕ್ಕಿನ ತಂತಿಯ ಸುರುಳಿಗಳು ಗೋಡೆಗೆ ತೂಗುತ್ತಿವೆ. ಇಲ್ಲಿ ಅದಿರಿಲ್ಲ, ಕಲ್ಲಿದ್ದಲೂ ಹೊರಗಿನಿಂದಲೇ ಬರಬೇಕು. ಕತ್ತರಿಸುವವನು ಸುರುಳಿಯನ್ನು ದೊಡ್ಡ ಕತ್ತರಿಗೆ ಕೊಟ್ಟು ಒಂದೇ ಅಳತೆಯ ತುಂಡು ಮಾಡುತ್ತಾನೆ. ಪ್ರತಿ ತುಂಡು ಎರಡು ಸೂಜಿಯಷ್ಟು ಉದ್ದ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಸುರುಳಿಯಲ್ಲಿದ್ದದ್ದರಿಂದ ತುಂಡುಗಳೆಲ್ಲ ಬಾಗಿವೆ. ಅವನ್ನು ಒಂದೊಂದಾಗಿ ನೇರ ಮಾಡುತ್ತ ಕೂತರೆ ಜನ್ಮ ಸಾಲದು. ಸಾವಿರಾರು ತುಂಡುಗಳನ್ನು ಎರಡು ಕಬ್ಬಿಣದ ಬಳೆಗಳೊಳಗೆ ಬಿಗಿಯಾಗಿ ತುರುಕಿ, ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಕಬ್ಬಿಣದ ಹಾಸಿನ ಮೇಲಿಟ್ಟು, ಒಂದು ಬಾಗಿದ ಪಟ್ಟಿಯಿಂದ ಹಿಂದಕ್ಕೂ ಮುಂದಕ್ಕೂ ಉರುಳಿಸುತ್ತಾರೆ. ಒಂದನ್ನೊಂದು ಉಜ್ಜಿ ಒಂದನ್ನೊಂದು ನೇರ ಮಾಡುತ್ತವೆ. ಲಟ್ಟಣಿಗೆ ಹಿಡಿದ ಕೈಯ ಲಯವೇ. ಮೊದಲು ಗರಗರ ಎನ್ನುವ ಕಟ್ಟು ಬರಬರುತ್ತ ಮೆತ್ತಗೆ ಸರಸರ ಎನ್ನುತ್ತದೆ. ಕೆಲಸಗಾರ ಕಣ್ಣಲ್ಲಿ ನೋಡುವುದೇ ಇಲ್ಲ, ಆ ಸದ್ದು ಕೇಳಿ ನಿಲ್ಲಿಸುತ್ತಾನೆ.

ಮುಂದಿನ ಬಾಗಿಲ ಹತ್ತಿರ ಸ್ವಲ್ಪ ನಿಲ್ಲಿ. ಬೇಕಿದ್ದರೆ ಕರವಸ್ತ್ರ ಮೂಗಿಗೆ ಹಿಡಿದುಕೊಳ್ಳಿ. ಒಳಗಿರುವವರು ಹಿಡಿದುಕೊಳ್ಳುವುದಿಲ್ಲ.

ಇದು ಮೊನೆ ಹಿಡಿಯುವವರ ಕೋಣೆ. ಒಬ್ಬೊಬ್ಬನ ಮುಂದೆ ಒಂದೊಂದು ಸಾಣೆಕಲ್ಲು, ಕಣ್ಣಿಗೆ ನಿಲ್ಲದ ವೇಗದಲ್ಲಿ ಸುತ್ತುತ್ತಿದೆ. ಅವನು ಕುದುರೆ ಏರಿದವನಂತೆ ಮರದ ಪೀಠದ ಮೇಲೆ ಕೂತು ಮುಂದಕ್ಕೆ ಬಾಗಿದ್ದಾನೆ. ಎರಡು ಅಂಗೈ ನಡುವೆ ಬೀಸಣಿಗೆಯಂತೆ ಹರಡಿದ ಹತ್ತಾರು ತಂತಿ ತುಂಡುಗಳು. ಹೆಬ್ಬೆರಳ ಒಂದೇ ಹೊರಳಿಕೆಗೆ ಅಷ್ಟೂ ತುಂಡುಗಳು ಒಟ್ಟಿಗೆ ತಿರುಗಬೇಕು, ಇಲ್ಲದಿದ್ದರೆ ಮೊನೆ ಸೊಟ್ಟ. ತುದಿಯನ್ನು ಕಲ್ಲಿಗೆ ತಾಗಿಸಿದ ಕೂಡಲೇ ಕಿಡಿಗಳ ಬಾಲ. ದೀಪಾವಳಿಯ ಸುರುಸುರುಬತ್ತಿಯನ್ನು ಇಡೀ ಕೋಣೆಯಲ್ಲಿ ಹಚ್ಚಿಟ್ಟ ಹಾಗೆ. ಚೆಂದ ಎನಿಸಿದರೆ ನಿಮ್ಮ ತಪ್ಪಲ್ಲ, ನೋಡಲು ಚೆಂದವೇ. ಒಂದು ತುದಿ ಮುಗಿದ ಮೇಲೆ ತಿರುಗಿಸಿ ಇನ್ನೊಂದು ತುದಿ. ತುಂಡಿಗೆ ಈಗ ಎರಡು ಕಡೆಯೂ ಮೊನೆ.

ಕಲ್ಲಿಗೆ ನೀರು ಬಿಡುವಂತಿಲ್ಲ. ಬಿಟ್ಟರೆ ಉಕ್ಕು ತುಕ್ಕು ಹಿಡಿಯುತ್ತದೆ. ಒಣ ಸಾಣೆ. ಆದ್ದರಿಂದ ಧೂಳು. ಉಕ್ಕಿನ ಧೂಳು, ಅದಕ್ಕಿಂತ ನಯವಾದ ಕಲ್ಲಿನ ಧೂಳು. ಅದು ಹುಬ್ಬಿನ ಮೇಲಿದೆ, ಬ್ರೆಡ್ಡಿನ ಮೇಲಿದೆ, ಬಿಯರ್ ಲೋಟದ ಅಂಚಿನಲ್ಲಿದೆ. ಆ ಮೂಲೆಯಲ್ಲಿ ಕೂತಿರುವ ಮನುಷ್ಯನ ವಯಸ್ಸೆಷ್ಟು ಹೇಳಿ. ಐವತ್ತೇ? ಇಲ್ಲ, ಮೂವತ್ತೊಂದು. ಅವನ ಅಪ್ಪನೂ ಇದೇ ಕೆಲಸದಲ್ಲಿದ್ದ. ಅವನ ಕೆಮ್ಮಿಗೆ ಈ ಊರಿನಲ್ಲಿ ಹೆಸರೇ ಇದೆ, ಮೊನೆಗಾರರ ಕೊಳೆ ಎಂದು. ಹಿಂದಿನ ತಲೆಮಾರಿನಲ್ಲಿ ಈ ಕೆಲಸಕ್ಕೆ ಕೂತವನು ನಲವತ್ತು ಕಂಡರೆ ಅದೇ ಸುದ್ದಿ. ವೂಸ್ಟರಿನ ವೈದ್ಯ ಜೇಮ್ಸ್ ಜಾನ್‌ಸ್ಟನ್ 18ನೇ ಶತಮಾನದ ಕೊನೆಗೇ ಇದರ ಬಗ್ಗೆ ಬರೆದಿದ್ದರು. ಅಂದರೆ ಗೊತ್ತಿರಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ದುಡಿದವರ ಎದೆಯನ್ನು ತಿಂದದ್ದೂ ಇದೇ ಜಾತಿಯ ಕಲ್ಲುಧೂಳು.

ಹಾಗಾದರೆ ಯಾಕೆ ಕೂರುತ್ತಾರೆ? ಸಂಬಳಕ್ಕೆ. ಇಡೀ ಊರಿನಲ್ಲಿ ಇವರಷ್ಟು ಕೂಲಿ ಪಡೆಯುವ ಕೆಲಸಗಾರರು ಕಡಿಮೆ. ಸಂಬಳದ ದಿನ ಹೆಂಡದಂಗಡಿಯಲ್ಲಿ ಇವರ ಮಾತೇ ಮಾತು. ಶೆಫೀಲ್ಡಿನ ಅಬ್ರಹಾಂ ಎಂಬುವರು 1820ರ ದಶಕದ ಆರಂಭದಲ್ಲೇ ಇವರಿಗೆಂದು ಆಯಸ್ಕಾಂತದ ಸಾಧನವೊಂದನ್ನು ಮಾಡಿದ್ದರು, ಉಕ್ಕಿನ ಪುಡಿ ಬಾಯಿಗೆ ಹೋಗುವ ಮೊದಲೇ ಅದಕ್ಕೆ ಅಂಟಿಕೊಳ್ಳಲಿ ಎಂದು. ಮೊನೆಗಾರರು ಅದನ್ನು ಮುಟ್ಟಲಿಲ್ಲ. ಕಲ್ಲಿನ ಸುತ್ತ ಗೂಡು ಕಟ್ಟಿ, ಫ್ಯಾನಿನಿಂದ ಧೂಳನ್ನು ಹೊರಗೆ ಎಳೆಯುವ ವ್ಯವಸ್ಥೆ ಬಂದಾಗಲೂ ವಿರೋಧಿಸಿದರು. ಲೆಕ್ಕ ಸರಳವಾಗಿತ್ತು. ಸಾವಿನ ಭಯ ಇರುವವರೆಗೆ ಈ ಕೆಲಸಕ್ಕೆ ಎಲ್ಲರೂ ಬರುವುದಿಲ್ಲ. ಎಲ್ಲರೂ ಬಾರದಿದ್ದರೆ ಕೂಲಿ ಇಳಿಯುವುದಿಲ್ಲ. ಇದನ್ನು ಮೂರ್ಖತನ ಎಂದು ಬರೆದ ಅಂದಿನ ಮಹನೀಯರು ಇದ್ದಾರೆ. ನನಗೆ ಹಾಗೆನಿಸುವುದಿಲ್ಲ. ಮಾರಲು ತನ್ನ ಆಯುಷ್ಯ ಒಂದೇ ಇರುವವನು ಅದರ ಬೆಲೆ ಇಳಿಸಬೇಡಿ ಎಂದ, ಅಷ್ಟೇ. ಆಯಸ್ಕಾಂತವಂತೂ ಉಕ್ಕನ್ನು ಹಿಡಿದೀತೇ ಹೊರತು ಕಲ್ಲಿನ ಧೂಳನ್ನು ಹಿಡಿಯುತ್ತಿರಲಿಲ್ಲ. ಕೊಲ್ಲುತ್ತಿದ್ದದ್ದು ಹೆಚ್ಚಾಗಿ ಅದೇ.

ಈ ಕೋಣೆಯಲ್ಲೀಗ ಫ್ಯಾನು ಬಂದಿದೆ. ಗೂಡಿನ ಬಾಯಿ ಧೂಳನ್ನು ಹೀರುತ್ತಿದೆ. ಮೂಲೆಯಲ್ಲಿ ಕೂತವನು ನಿಮ್ಮನ್ನು ನೋಡಿ ಗೂಡನ್ನು ಬೆರಳಿನಿಂದ ತಟ್ಟುತ್ತಾನೆ. “ಇದು ಬರೋಕೆ ಮುಂಚೆ ಬರಬೇಕಿತ್ತು ನೀವು,” ಎನ್ನುತ್ತಾನೆ. ಮತ್ತೆ ಕೆಮ್ಮುತ್ತಾನೆ. ಗೂಡು ಹೀರುವುದು ಇವತ್ತಿನ ಧೂಳನ್ನು ಮಾತ್ರ.

ಮೇಲಿನ ಮಹಡಿಗೆ ಹೋಗೋಣ. ಮೆಟ್ಟಿಲು ನಡುಗುತ್ತಿದೆ, ಕಾರಣ ಅಚ್ಚೊತ್ತುವ ಯಂತ್ರ. ಕಾಲಿನಿಂದ ಒದ್ದರೆ ಮೇಲಿನ ಭಾರ ಧಡ್ ಎಂದು ಬಿದ್ದು, ತುಂಡಿನ ನಟ್ಟನಡುವೆ ಎರಡು ಕಣ್ಣಿನ ಗುರುತು ಪಕ್ಕಪಕ್ಕಕ್ಕೆ ಮೂಡಿಸುತ್ತದೆ. ಗುರುತು ಮಾತ್ರ, ತೂತಲ್ಲ. ತೂತು ಹೊಡೆಯುವವರು ಪಕ್ಕದ ಬೆಂಚಿನ ಹೆಂಗಸರು ಮತ್ತು ಮಕ್ಕಳು. ಸಣ್ಣ ಕೈಯೊತ್ತಿನ ಯಂತ್ರ. ಎಡಗೈಯಲ್ಲಿ ತುಂಡುಗಳ ಬೀಸಣಿಗೆ, ಬಲಗೈಯಲ್ಲಿ ಹಿಡಿ. ಟಿಕ್. ಟಿಕ್. ಟಿಕ್. ಒಂದೊಂದು ಟಿಕ್ಕಿಗೆ ಎರಡು ಕಣ್ಣು ತೆರೆದುಕೊಳ್ಳುತ್ತವೆ. ಹುಡುಗಿಯೊಬ್ಬಳು ನಿಮ್ಮನ್ನು ನೋಡಿ, ತಲೆಯಿಂದ ಒಂದು ಕೂದಲು ಕಿತ್ತು, ಯಂತ್ರದ ಕೆಳಗಿಟ್ಟು, ಅದಕ್ಕೇ ತೂತು ಹೊಡೆದು, ಇನ್ನೊಂದು ಕೂದಲನ್ನು ಅದರೊಳಗೆ ಪೋಣಿಸಿ ತೋರಿಸುತ್ತಾಳೆ. ಕಟ್ಟುಕಥೆಯಲ್ಲ, ಕಾರ್ಖಾನೆ ನೋಡಲು ಬಂದವರ ಮುಂದೆ ಮಕ್ಕಳು ಮಾಡಿ ತೋರಿಸುತ್ತಿದ್ದ ಚಮತ್ಕಾರ ಎಂದು ಅಂದಿನವರು ಬರೆದಿಟ್ಟಿದ್ದಾರೆ. ನೀವು ಬೆರಗಾಗಿ ಒಂದು ಪೆನ್ನಿ ಕೊಡುತ್ತೀರಿ. ಅವಳ ವಯಸ್ಸು ಕೇಳುವುದಿಲ್ಲ.

ಕೇಳಿದ್ದರೂ ಕಾನೂನು ನಿಮ್ಮ ನೆರವಿಗೆ ಬರುತ್ತಿರಲಿಲ್ಲ. ಹತ್ತಿಗಿರಣಿಗಳಲ್ಲಿ ಮಕ್ಕಳು ದುಡಿಯುವ ಗಂಟೆಗೆ ಮಿತಿ ಹಾಕಿ 30 ವರ್ಷ ದಾಟಿದೆ. ಆದರೆ ಸರ್ಕಾರದ ಕಣ್ಣು ದೊಡ್ಡ ಗಿರಣಿ, ದೊಡ್ಡ ಊರುಗಳ ಮೇಲಿತ್ತು. ಇಂಥ ಸಣ್ಣ ಊರಿನ ಲೋಹದ ಕೆಲಸಗಳಿಗೂ ಆ ನಿಯಮವನ್ನು ಚಾಚುವ ಕಾಯ್ದೆ ಬರುವುದು ಬರುವ ವರ್ಷ, 1867ರಲ್ಲಿ. ಎಲ್ಲ ಮಕ್ಕಳಿಗೂ ಶಾಲೆಯ ಮಾತು 1870ಕ್ಕೆ.

ಆಮೇಲೆ ಪೋಣಿಸುವ ಕೆಲಸ. ಇನ್ನೂ ಚಿಕ್ಕ ಮಕ್ಕಳು ಎರಡು ತೆಳು ತಂತಿಗಳನ್ನು ಎರಡು ಸಾಲು ಕಣ್ಣುಗಳಲ್ಲಿ ತೂರಿಸುತ್ತ ಹೋಗುತ್ತಾರೆ. ಮುಗಿದಾಗ ಎರಡೂ ಕಡೆ ಹಲ್ಲಿರುವ ಬಾಚಣಿಗೆ, ನಮ್ಮ ಹೇನುಹಣಿಗೆಯ ಹಾಗೆಯೇ. ಅದರ ನಡುವಿನ ಒರಟನ್ನು ಅರದಿಂದ ಉಜ್ಜಿ, ಹಿಂದಕ್ಕೂ ಮುಂದಕ್ಕೂ ಬಗ್ಗಿಸಿದರೆ ಚಟಕ್ ಎಂದು ಎರಡಾಗುತ್ತದೆ. ಈಗ ತುಂಡು ಎರಡು ಸೂಜಿಯಾಯಿತು.

ಆದರೆ ಅದು ಇನ್ನೂ ಮೆತ್ತನೆಯ ಸೂಜಿ. ಬಟ್ಟೆಗೆ ಚುಚ್ಚಿದರೆ ಬಾಗುತ್ತದೆ. ಕುಲುಮೆಯಲ್ಲಿ ಕೆಂಪಾಗಿಸಿ ಎಣ್ಣೆಗೆ ಸುರಿಯುತ್ತಾರೆ. ಗಡುಸಾಗುತ್ತದೆ, ಎಷ್ಟು ಗಡುಸೆಂದರೆ ಗಾಜಿನಂತೆ ಮುರಿಯುತ್ತದೆ. ಮತ್ತೆ ಸಣ್ಣ ಉರಿಯಲ್ಲಿ ಕಾಯಿಸಿ ಹದಕ್ಕೆ ತರಬೇಕು. ಎಳೆ ಪಾಕ, ಗಟ್ಟಿ ಪಾಕ ಎಂದು ನಮ್ಮ ಅಡುಗೆಮನೆಯಲ್ಲಿ ನೋಡುವವರಂತೆ ಇಲ್ಲೊಬ್ಬ ಮುದುಕ ಹೊಗೆ ಮತ್ತು ಬಣ್ಣ ನೋಡಿ ತಟ್ಟೆ ಎಳೆಯುತ್ತಾನೆ. ಹದ ಬರುವಾಗ ಕೆಲವು ಸೂಜಿ ಸೊಟ್ಟಗಾಗಿರುತ್ತವೆ. ಕಿಟಕಿಯ ಪಕ್ಕದ ಹೆಂಗಸು ಒಂದೊಂದನ್ನೂ ಬೆರಳಡಿ ಉರುಳಿಸಿ, ಸೊಟ್ಟ ಎಲ್ಲಿದೆಯೆಂದು ತಿಳಿದು, ಅಂಗೈಯಗಲದ ಅಡಿಗಲ್ಲಿನ ಮೇಲಿಟ್ಟು ಪುಟ್ಟ ಸುತ್ತಿಗೆಯಿಂದ ತಟ್ಟುತ್ತಾಳೆ.

ಮಧ್ಯಾಹ್ನ ಹೊರಗೆ ಬನ್ನಿ, ಉಸಿರಾಡಿಕೊಳ್ಳಿ. ಮಳೆ ನಿಂತಿದೆ. ದಕ್ಷಿಣದ ದಿಣ್ಣೆಯ ಕಡೆ ಹಂಟ್ ಎಂಡ್ ಎಂಬ ಪುಟ್ಟ ಜಾಗ. ಅಲ್ಲೂ ಸೂಜಿಯೇ. ಜಾರ್ಜ್ ಟೌನ್‌ಸೆಂಡ್ ಎಂಬುವರು 1851ರಲ್ಲಿ ಶುರು ಮಾಡಿದ ಕಾರ್ಖಾನೆ. ಇನ್ನು 20 ವರ್ಷದಲ್ಲಿ ಅಲ್ಲಿ ಸೈಕಲ್ಲಿನ ಭಾಗ, ಆಮೇಲೆ ಸೈಕಲ್ಲೇ ಆಗುತ್ತದೆ. 1891ರಲ್ಲಿ ಅದು ಆಲ್ಬರ್ಟ್ ಈಡಿ ಮತ್ತು ಆರ್. ಡಬ್ಲ್ಯು. ಸ್ಮಿತ್ ಎಂಬಿಬ್ಬರ ಕೈ ಸೇರುತ್ತದೆ. ಎನ್‌ಫೀಲ್ಡಿನ ಸರ್ಕಾರಿ ಬಂದೂಕು ಕಾರ್ಖಾನೆಗೆ ಬಿಡಿಭಾಗ ಮಾಡಿಕೊಡುವ ಗುತ್ತಿಗೆ ಸಿಗುತ್ತದೆ. ಆ ನೆನಪಿಗೆ ಸೈಕಲ್ಲಿಗೆ ಒಂದು ಹೆಸರಿಡುತ್ತಾರೆ. ರಾಯಲ್ ಎನ್‌ಫೀಲ್ಡ್. 1901ರಲ್ಲಿ ಅದೇ ಹೆಸರಿನ ಮೋಟಾರ್ ಸೈಕಲ್, 1955ರಲ್ಲಿ ಮದ್ರಾಸಿನಲ್ಲಿ ಬುಲೆಟ್. ಭಾನುವಾರ ಬೆಳಿಗ್ಗೆ ಬೆಂಗಳೂರಿನಿಂದ ಹೊರಟು ಚಿಕ್ಕಮಗಳೂರಿನ ಘಾಟಿಯನ್ನು ಗುಡುಗಿಸುತ್ತ ಹತ್ತುವ ಹುಡುಗರಿಗೆ, ನಿಮ್ಮ ಗಾಡಿಯ ಮುತ್ತಜ್ಜ ಒಂದು ಸೂಜಿ ಎಂದರೆ ನಂಬುತ್ತಾರೋ ಇಲ್ಲವೋ. ಸೂಜಿ ಮಾಡಿ ಪಳಗಿದ ಊರಿಗೆ ಸ್ಪ್ರಿಂಗು, ಮೀನಿನ ಗಾಳ, ಸೈಕಲ್ಲಿನ ಕಡ್ಡಿ ಯಾವುದೂ ಹೊಸದಲ್ಲ. ಎಲ್ಲವೂ ತಂತಿಯೇ ತಾನೆ.

ಕೊನೆಯ ಮಹಡಿ ಹೆಂಗಸರದ್ದು. ಇಲ್ಲಿ ಧೂಳಿಲ್ಲ, ಧಡಧಡ ಇಲ್ಲ, ಹಾಡಿದೆ. ಹೊಳೆಯುವ ಸೂಜಿಗಳ ರಾಶಿ ಮೇಜಿನ ಮೇಲೆ, ಮೀನಿನ ಬಲೆಯಿಂದ ಆಗಷ್ಟೇ ಸುರಿದಂತೆ. ತಲೆ ಯಾವ ಕಡೆಗೋ ಮೊನೆ ಯಾವ ಕಡೆಗೋ. ಎಲ್ಲವನ್ನೂ ಒಂದೇ ದಿಕ್ಕಿಗೆ ತಿರುಗಿಸಬೇಕು. ಹೇಗೆ? ಆ ಹೆಂಗಸು ತೋರುಬೆರಳಿಗೆ ಬಟ್ಟೆ ಸುತ್ತಿದ್ದಾಳೆ. ಸಾಲಾಗಿ ಜೋಡಿಸಿದ ಸೂಜಿಗಳ ತುದಿಗೆ ಆ ಬೆರಳನ್ನು ಒತ್ತುತ್ತಾಳೆ. ಮೊನೆಯಿದ್ದವು ಬಟ್ಟೆಗೆ ಚುಚ್ಚಿಕೊಂಡು ಬರುತ್ತವೆ, ತಲೆಯಿದ್ದವು ಉಳಿಯುತ್ತವೆ. ಅಷ್ಟೇ. ಯಾವ ಎಂಜಿನಿಯರ್ ಇದನ್ನು ಕಂಡುಹಿಡಿದನೋ ಎಂದು ಹುಡುಕಬೇಡಿ. ಬೆರಳಿಗೆ ಬಟ್ಟೆ ಸುತ್ತಿಕೊಳ್ಳುವುದು ಹೊಲಿಗೆ ಬಲ್ಲವರ ಬುದ್ಧಿ, ಬಹುಶಃ ಯಾರದೋ ಬೆರಳಿಗೆ ಚುಚ್ಚಿಯೇ ಹೊಳೆದದ್ದು.

ಇನ್ನೊಬ್ಬಳು ಕಣ್ಣಿನ ಅಂಚು ತಿಕ್ಕುತ್ತಿದ್ದಾಳೆ. ಒರಟು ಉಳಿದರೆ ಎಲ್ಲೋ ದೂರದ ಊರಿನಲ್ಲಿ ಯಾರದೋ ದಾರ ಹರಿಯುತ್ತದೆ. ಮೂರನೆಯವಳು 25ರ ಲೆಕ್ಕದಲ್ಲಿ ಕಪ್ಪು ಕಾಗದಕ್ಕೆ ಸಿಕ್ಕಿಸುತ್ತಾಳೆ. ತುಕ್ಕು ಹಿಡಿಯದಿರಲೆಂದು ಆ ಕಪ್ಪು ಕಾಗದ. ಮಡಿಚಿ, ಮೇಲೆ ಹೆಸರಿನ ಚೀಟಿ. ಮಿಲ್‌ವರ್ಡ್ ಮನೆತನದ ಚೀಟಿಯಾದರೆ 1730ರಿಂದ ಬಂದ ಹೆಸರು. 1859ರಲ್ಲಿ ಊರಿಗೆ ರೈಲು ಬಂದಿದೆ. ಪೆಟ್ಟಿಗೆಗಳು ಕೆಳಗಿನ ನಿಲ್ದಾಣಕ್ಕಿಳಿದು, ಬಂದರು ಸೇರಿ, ಹಡಗೇರಿ ಹೋಗುತ್ತವೆ. ಗಾಯ ಹೊಲಿಯುವ ಸೂಜಿ, ಹಡಗಿನ ಹಾಯಿ ಹೊಲಿಯುವ ದಪ್ಪ ಸೂಜಿ, ನಾವು ದಬ್ಬಣ ಎನ್ನುವಂಥದ್ದು, ಕಸೂತಿಯ ಕೂದಲೆಳೆ ಸೂಜಿ. ಹಿಂದೂಸ್ತಾನದ ಸಂತೆಗಳಿಗೂ.

ಕತ್ತಲಾಯಿತು. ನಾನೊಂದು ಮೋಸ ಮಾಡಿದ್ದೇನೆ, ಒಪ್ಪಿಕೊಳ್ಳುತ್ತೇನೆ. ಹದ ಮಾಡಿದ ಸೂಜಿ ನೇರವಾಗಿ ಆ ಹಾಡುವ ಹೆಂಗಸರ ಮೇಜಿಗೆ ಹೊಳೆಯುತ್ತ ಬರಲಿಲ್ಲ. ನಡುವೆ ಒಂದು ವಾರದಷ್ಟು ಕಾಲ ಅದು ಬೇರೆಡೆ ಇತ್ತು. ಆ ಜಾಗವನ್ನು ರಾತ್ರಿಯಲ್ಲೇ ನೋಡಬೇಕೆಂದು ಉಳಿಸಿಕೊಂಡಿದ್ದೆ.

ಗುಡ್ಡ ಇಳಿದು ಉತ್ತರದ ತಗ್ಗಿಗೆ ಬನ್ನಿ. ಬಲಕ್ಕೆ ಕತ್ತಲೆಯಲ್ಲಿ ದಿಬ್ಬಗಳಂತೆ ಕಾಣುವುದು ಬೋರ್ಡ್ಸ್‌ಲಿ ಮಠದ ಅವಶೇಷ, 12ನೇ ಶತಮಾನದ ಸನ್ಯಾಸಿಗಳದ್ದು. ಸೂಜಿ ಮಾಡುವುದನ್ನು ಊರಿಗೆ ಕಲಿಸಿದವರು ಅವರೇ ಎಂಬ ಐತಿಹ್ಯವಿದೆ. ಆಧಾರವಿಲ್ಲ, ಆದರೆ ಊರಿಗೆ ಇಷ್ಟದ ಕಥೆ. ಪಕ್ಕದಲ್ಲಿ ಆ್ಯರೋ ಎಂಬ ಸಣ್ಣ ಹೊಳೆ. ಅದರ ನೀರನ್ನು ತಿರುಗಿಸಿ ಕಟ್ಟಿದ ಕೊಳ, ಕೊಳದ ಬಾಯಿಗೆ ಫೋರ್ಜ್ ಮಿಲ್. ಈ ಗಿರಣಿ ಸೂಜಿ ತಿಕ್ಕಲು ತೊಡಗಿದ್ದು 1730ರ ಹೊತ್ತಿಗೆ.

ಒಳಗೆ ಹೋದರೆ ಮೊದಲು ನೀರಿನ ಚಕ್ರದ ಭಾರವಾದ ಉಸಿರು, ಆಮೇಲೆ ಮರದ ಹಲ್ಲುಚಕ್ರಗಳ ನರಳಾಟ. ಕೊನೆಗೆ ಕಣ್ಣು ಕತ್ತಲಿಗೆ ಹೊಂದಿಕೊಂಡಾಗ ಆ ವಿಚಿತ್ರ ದೃಶ್ಯ. ಉದ್ದನೆಯ ಮರದ ಹಾಸುಗಳ ಮೇಲೆ ಗೋಣಿ ಸುತ್ತಿದ ಕಟ್ಟುಗಳು, ಹಗ್ಗದಿಂದ ಬಿಗಿದು ಕಟ್ಟಿದವು, ಕೂಸಿನ ಗಾತ್ರದವು. ಒಂದೊಂದರೊಳಗೂ ಹತ್ತಾರು ಸಾವಿರ ಸೂಜಿ, ಜತೆಗೆ ಉಜ್ಜುವ ಪುಡಿ, ಮೆತ್ತನೆಯ ಸಾಬೂನು, ಎಣ್ಣೆ. ಅವುಗಳ ಮೇಲೆ ಭಾರವಾದ ಹಲಗೆ ಹಿಂದಕ್ಕೂ ಮುಂದಕ್ಕೂ ಹೋಗುತ್ತಿದೆ, ಬರುತ್ತಿದೆ. ಒಳಗಿನ ಸೂಜಿಗಳು ಒಂದನ್ನೊಂದು ತಿಕ್ಕುತ್ತಿವೆ. ಒಂದು ಸರದಿಗೆ 8 ಗಂಟೆ. ಬಿಚ್ಚಿ, ತೊಳೆದು, ಹೊಸ ಪುಡಿ ಹಾಕಿ, ಮತ್ತೆ ಕಟ್ಟಿ ಮತ್ತೆ 8 ಗಂಟೆ. ಹೀಗೆ ಹಲವು ಸರದಿ. ಕೊನೆಯದು ಹೊಳಪು ಕೊಡುವ ನಯವಾದ ಪುಡಿಯಲ್ಲಿ. ಆಮೇಲೆ ಬಿಸಿ ಸಾಬೂನು ನೀರಿನ ಸ್ನಾನ, ಮರದ ಹೊಟ್ಟು ತುಂಬಿದ ತಿರುಗುವ ಪೀಪಾಯಿಯಲ್ಲಿ ಒಣಗುವುದು, ರಾಗಿ ಕೇರಿದಂತೆ ಕೇರಿ ಹೊಟ್ಟು ಬೇರೆ ಮಾಡುವುದು.

ಆವಿಯಂತ್ರ ಊರಿಗೆ ಬಂದು ಎಷ್ಟೋ ಕಾಲವಾಯಿತು. ಆದರೆ ಈ ತಗ್ಗಿನಲ್ಲಿ ಹೊಳೆಯ ನೀರು ಇನ್ನೂ ಕೂಲಿ ಕೇಳದೆ ದುಡಿಯುತ್ತಿದೆ. 1958ರವರೆಗೂ ದುಡಿಯುತ್ತದೆ.

ಗಿರಣಿ ಕಾಯುವ ಹುಡುಗ ಚೀಲದ ಮೇಲೆ ಕೂತು ಬ್ರೆಡ್ಡು ಅಗಿಯುತ್ತಿದ್ದಾನೆ. ಅವನಂಗಿಯ ಮೊಣಕೈ ಹರಿದಿದೆ, ಯಾರೋ ಒರಟಾಗಿ ಹೊಲಿದಿದ್ದಾರೆ. ಹಲಗೆ ಹೋಗುತ್ತದೆ, ಬರುತ್ತದೆ. ಅವನು ಸದ್ದಿನಲ್ಲಿ ಏನೋ ವ್ಯತ್ಯಾಸ ಕೇಳಿ ತಟ್ಟನೆ ಎದ್ದು, ಜಾರಿದ ಒಂದು ಕಟ್ಟನ್ನು ಮೊಣಕಾಲಿನಿಂದ ಸರಿಯಾದ ಜಾಗಕ್ಕೆ ತಳ್ಳಿ, ಮತ್ತೆ ಕೂರುತ್ತಾನೆ. ಬೆಳಗಾಗಲು ಇನ್ನೂ ಬಹಳ ಹೊತ್ತಿದೆ.